‘ಎಲ್ಲಾ ಒಂದ ರೀ’: ಬಾದಾಮಿ–ಐಹೊಳೆ ಗೈಡ್ ಸೇವೆ, ಬುದ್ಧನ ಲೆಕ್ಕದಲ್ಲಿ

ಬಾದಾಮಿ ಗುಹೆಗಳ ಟಿಕೆಟ್ ಕೌಂಟರ್ ಹತ್ತಿರ ಸಿಗುವ ಗೈಡ್ ಸೇವೆಯ ವಿಮರ್ಶೆ ಇದು. ಯಾವುದೋ ಒಬ್ಬ ಗೈಡ್ ಮೇಲಿನ ದೂರು ಅಲ್ಲ, ಒಟ್ಟು ಸೇವೆಯನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ತೂಗಿದ್ದು. ಶೈವ, ವೈಷ್ಣವ, ಜೈನ, ಬೌದ್ಧ ನಾಲ್ಕೂ ಒಂದೇ ಕೆಂಪು ಮರಳುಗಲ್ಲಿನಲ್ಲಿ ಅಕ್ಕಪಕ್ಕ ಕೂತ ಜಾಗ ಬಾಗಲಕೋಟೆ ಜಿಲ್ಲೆಯಲ್ಲಿ ಇದೆ. ಅಲ್ಲಿ ಬುದ್ಧ ಹೇಳಿದ್ದು ಯಾವುದು, ಉಳಿದವರು ಹೇಳಿದ್ದು ಯಾವುದು ಎಂಬುದು ಗೈಡ್ ಬಾಯಲ್ಲಿ ಎಷ್ಟು ಸರಿಯಾಗಿ ಬರುತ್ತದೆ?

ಮೊದಲ ಮೂರು ಗುಹೆಗಳಿಗೆ ಗೈಡ್ ಬೇಕೇ ಬೇಕು. ಒಂದನೇ ಗುಹೆಯ ಹದಿನೆಂಟು ಕೈಯ ನಟರಾಜನ ಒಂದು ಬದಿಯ ಕೈಯನ್ನು ಇನ್ನೊಂದು ಬದಿಯ ಕೈಗೆ ಜೋಡಿಸಿ ಭಂಗಿ ಎಣಿಸುವುದು, ಒಂದೇ ತಲೆಯಲ್ಲಿ ಆನೆಯೂ ಎತ್ತೂ ಕಾಣುವ ಕೆತ್ತನೆಯನ್ನು ಅಂಗೈ ಅಡ್ಡ ಹಿಡಿದು ತೋರಿಸುವುದು, ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ಮೂರನೇ ಗುಹೆಯ ಶಾಸನ ಶಕ 500, ಅಂದರೆ ಕ್ರಿ.ಶ. 578ರದು, ಒಂದನೇ ಕೀರ್ತಿವರ್ಮನ ಕಾಲದಲ್ಲಿ ಮಂಗಲೇಶ ಹಾಕಿಸಿದ್ದು ಎಂಬುದನ್ನೂ ತಪ್ಪಿಲ್ಲದೆ ಹೇಳುತ್ತಾರೆ. ಇಷ್ಟಕ್ಕೆ ಹತ್ತಕ್ಕೆ ಒಂಬತ್ತು ಕೊಡಬಹುದು.

ಎಡವಟ್ಟು ಶುರುವಾಗುವುದು ಎರಡನೇ ಮತ್ತು ಮೂರನೇ ಗುಹೆಗಳ ನಡುವೆ. ಅಲ್ಲೊಂದು ಸಣ್ಣ ನೈಸರ್ಗಿಕ ಗವಿ ಇದೆ. ಒಳಗೆ ಸವೆದುಹೋದ ಪದ್ಮಪಾಣಿಯ ಉಬ್ಬುಚಿತ್ರ. ಹೆಚ್ಚಿನ ಗೈಡ್‌ಗಳು ಇಲ್ಲಿ ನಿಲ್ಲುವುದಿಲ್ಲ. ನಿಲ್ಲಿಸಿ ಕೇಳಿದರೆ ಬರುವ ಉತ್ತರ ಒಂದೇ: ‘ಬುದ್ಧ ಅಂದ್ರೂ ಅಷ್ಟ, ಮಹಾವೀರ ಅಂದ್ರೂ ಅಷ್ಟ, ಎಲ್ಲಾ ಒಂದ ರೀ ಸಾಹೇಬ್ರ.’ ಸೌಹಾರ್ದಕ್ಕೆ ಈ ಮಾತು ಚೆಂದ, ಮಾಹಿತಿಗೆ ದಂಡ. ಪದ್ಮಪಾಣಿ ಬುದ್ಧನೂ ಅಲ್ಲ, ಜಿನನೂ ಅಲ್ಲ. ಆತ ಬೋಧಿಸತ್ವ, ಕಮಲ ಹಿಡಿದ ಅವಲೋಕಿತೇಶ್ವರ. ಎಲ್ಲ ಜೀವಿಗಳ ದುಃಖ ನೀಗುವ ಪ್ರತಿಜ್ಞೆ ತೊಟ್ಟು ಬುದ್ಧತ್ವದ ದಾರಿ ಹಿಡಿದವನು, ಕರೆದರೆ ಬರುವವನು. ಹೀಗೆ ಕರೆದಾಗ ಬರುವವರು ಜೈನರ ತೀರ್ಥಂಕರರಲ್ಲಿ ಯಾರೂ ಇಲ್ಲ. ತೀರ್ಥಂಕರ ವರ ಕೊಡುವುದಿಲ್ಲ, ಯಾರ ಕಡೆಗೂ ತಿರುಗುವುದಿಲ್ಲ. ದಾರಿ ತೋರಿಸಿ ಲೋಕದಿಂದ ಬಿಡುಗಡೆಯಾದವನು ಆತ. ಭಕ್ತರ ಬೇಡಿಕೆ ಹೊತ್ತುಕೊಳ್ಳುವುದು ಪಕ್ಕದ ಯಕ್ಷ, ಯಕ್ಷಿಯರ ಪಾಲು. ಬೌದ್ಧ ಮತ್ತು ಜೈನದ ನಡುವಿನ ಈ ದೊಡ್ಡ ವ್ಯತ್ಯಾಸ ಅದೇ ಗವಿಯ ಬಾಯಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವಂಥದು.

ನಾಲ್ಕನೇ ಗುಹೆ ಜೈನರದು. ಇಲ್ಲಿ ‘ಇದೂ ಬುದ್ಧನೇ’ ಅನ್ನುವ ಮಾತು ಪ್ರವಾಸಿಗರ ಬಾಯಿಂದ ಬರುತ್ತದೆ, ಅದನ್ನು ತಿದ್ದುವ ಗೈಡ್ ಅಪರೂಪ. ಗುರುತು ಹಿಡಿಯಲು ಕೈಗಳನ್ನು ಮೊದಲು ನೋಡಿ. ಕೂತ ಜಿನನ ಕೈ ಯಾವಾಗಲೂ ಮಡಿಲಲ್ಲಿ, ಧ್ಯಾನದಲ್ಲಿ. ಬುದ್ಧನ ಕೈ ಮಾತಾಡುತ್ತದೆ: ನೆಲ ಮುಟ್ಟುತ್ತದೆ, ಅಭಯ ಕೊಡುತ್ತದೆ, ಧರ್ಮಚಕ್ರ ತಿರುಗಿಸುತ್ತದೆ. ಎರಡೂ ಕೈ ಮೈಗೆ ತಾಗದಂತೆ ಇಳಿಬಿಟ್ಟು ನೆಟ್ಟಗೆ ನಿಂತದ್ದು ಕಂಡರೆ ಅದು ಕಾಯೋತ್ಸರ್ಗ, ಜೈನರ ನಿಲುವು. ಆಮೇಲೆ ಬಟ್ಟೆ. ಈ ಸೀಮೆಯ ಜಿನಬಿಂಬಗಳು ದಿಗಂಬರ. ಬುದ್ಧನ ಚೀವರ ಎಷ್ಟೇ ತೆಳುವಾಗಿ ಕೆತ್ತಿದ್ದರೂ ಎಡ ಹೆಗಲ ಮೇಲೆ ಅಥವಾ ಕಣಕಾಲ ಹತ್ತಿರ ಅದರ ಅಂಚು ಒಂದು ಗೆರೆಯಾಗಿ ಉಳಿದಿರುತ್ತದೆ. ತಲೆ ಒಡೆದುಹೋದ ಮೂರ್ತಿಗೆ ಈ ಗೆರೆಯೇ ಸಾಕ್ಷಿ. ‘ಎದೆ ಮೇಲೆ ಶ್ರೀವತ್ಸ (ಹೂವಿನಂಥ ಮಂಗಳ ಚಿಹ್ನೆ) ಇದ್ದರೆ ಜಿನ’ ಎಂಬ ಸೂತ್ರವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಉತ್ತರ ಭಾರತದ ಲೆಕ್ಕ. ಕರ್ನಾಟಕದ ಜಿನಬಿಂಬಗಳಲ್ಲಿ ಶ್ರೀವತ್ಸ ಸಾಮಾನ್ಯವಾಗಿ ಇರುವುದೇ ಇಲ್ಲ, ಇದನ್ನು ನಂಬಿದರೆ ಅರ್ಧ ಜೈನ ಮೂರ್ತಿಗಳು ಬೌದ್ಧವಾಗಿಬಿಡುತ್ತವೆ. ಹೆಡೆಯೂ ಮೋಸ ಮಾಡೀತು: ಪಾರ್ಶ್ವನಾಥನಿಗೂ ಹೆಡೆ, ಮುಚಲಿಂದ ನಾಗನ ನೆರಳಲ್ಲಿ ಕೂತ ಬುದ್ಧನಿಗೂ ಹೆಡೆ. ಇಲ್ಲಿರುವವನು ನಿಂತ ಪಾರ್ಶ್ವನಾಥ. ಕಾಲಿಗೆ ಬಳ್ಳಿ ಸುತ್ತಿದ್ದರೆ ಬಾಹುಬಲಿ, ಆತ ತೀರ್ಥಂಕರರ ಇಪ್ಪತ್ನಾಲ್ಕರ ಪಟ್ಟಿಯಲ್ಲಿಲ್ಲ.

ಗುಹೆಗಳೆಲ್ಲ ಉತ್ತರಕ್ಕೆ ಮುಖ ಮಾಡಿವೆ, ಬಿಸಿಲು ನೇರ ಒಳಗೆ ಬೀಳುವುದು ಕಡಿಮೆ. ಸಣ್ಣ ಟಾರ್ಚ್ ಒಯ್ಯಿರಿ, ಬೆಳಕನ್ನು ಎದುರಿನಿಂದ ಹಾಯಿಸದೆ ಪಕ್ಕದಿಂದ ಹಾಯಿಸಿ, ಆಗ ಸವೆದ ಗೆರೆ ಎದ್ದು ಕಾಣುತ್ತದೆ. ಮುಟ್ಟಬೇಡಿ. ತಿಂಡಿಯ ಪ್ಲಾಸ್ಟಿಕ್ ಚೀಲ ಕೈಯಲ್ಲಿದ್ದರೆ ಮಂಗಗಳು ಕಿತ್ತುಕೊಳ್ಳುತ್ತವೆ.

ಇನ್ನು ಗೈಡ್ ಹೇಳುವ ಸಿದ್ಧಾಂತ. ಮೂರು ತಪ್ಪುಗಳು ಎಲ್ಲರ ಬಾಯಲ್ಲೂ ಹೆಚ್ಚುಕಮ್ಮಿ ಒಂದೇ ಕ್ರಮದಲ್ಲಿ ಬರುತ್ತವೆ.

‘ಬುದ್ಧ ವಿಷ್ಣುವಿನ ಒಂಬತ್ತನೇ ಅವತಾರ’ ಎಂಬುದು ಮೊದಲನೆಯದು. ಪುರಾಣಗಳಲ್ಲಿ ಆ ಪಟ್ಟಿ ಇದೆ, ಸುಳ್ಳಲ್ಲ. ಆದರೆ ಅದು ಬುದ್ಧನ ಬಗ್ಗೆ ವೈಷ್ಣವರ ಮಾತು, ಬೌದ್ಧರ ಮಾತಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ, ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ಒಪ್ಪುವುದಿಲ್ಲ ಎಂಬ ಪ್ರತಿಜ್ಞೆ ನೇರವಾಗಿಯೇ ಇದೆ. ಬುದ್ಧನನ್ನೇ ಹುಡುಕಿಕೊಂಡು ಬಂದ ಕುಟುಂಬದ ಎದುರು ಈ ಅವತಾರದ ಕಥೆ ಬಿಚ್ಚುವ ಗೈಡ್, ತನ್ನ ಗಿರಾಕಿ ಯಾರು ಎಂಬುದನ್ನೇ ನೋಡಿಲ್ಲ ಎಂದಾಯಿತು. ಮೂರನೇ ಗುಹೆಯಲ್ಲೇ ವರಾಹ, ನರಸಿಂಹ, ತ್ರಿವಿಕ್ರಮ ಆಳೆತ್ತರಕ್ಕೂ ಮೀರಿ ನಿಂತಿದ್ದಾರೆ. ಬುದ್ಧ ಅವರ ಸಾಲಿನಲ್ಲಿ ಇಲ್ಲ.

ಎರಡನೆಯದು, ‘ಆತ್ಮ ಒಂದು ದೇಹ ಬಿಟ್ಟು ಇನ್ನೊಂದಕ್ಕೆ ಹೋಗೋದು ಎಲ್ಲರಲ್ಲೂ ಇದೆ.’ ಬೌದ್ಧರಲ್ಲಿ ಇಲ್ಲ. ಪುನರ್ಜನ್ಮ ಇದೆ, ಹೋಗುವ ಆತ್ಮ ಇಲ್ಲ. ರೂಪ (ದೇಹ), ವೇದನೆ (ಸುಖದುಃಖದ ಅನುಭವ), ಸಂಜ್ಞೆ (ಗುರುತಿಸುವಿಕೆ), ಸಂಸ್ಕಾರ (ಮನಸ್ಸಿನ ಪ್ರವೃತ್ತಿ), ವಿಜ್ಞಾನ (ಅರಿವು) ಎಂಬ ಐದು ಸ್ಕಂಧಗಳ ಹರಿವನ್ನೇ ನಾವು ‘ನಾನು’ ಅನ್ನುತ್ತೇವೆ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದರೆ ಮೊದಲ ಜ್ವಾಲೆ ಎದ್ದು ಅಲ್ಲಿಗೆ ಹೋಗಲಿಲ್ಲ, ಆದರೂ ಅದಿಲ್ಲದೆ ಇದು ಹತ್ತುತ್ತಿರಲಿಲ್ಲ. ಬೌದ್ಧರ ಹಳೆಯ ಹೋಲಿಕೆ ಇದು. ಜೈನರದು ಪೂರಾ ಬೇರೆ: ಪ್ರತಿಯೊಂದು ಜೀವವೂ ನಿಜವಾದದ್ದು, ಬೇರೆಬೇರೆಯಾದದ್ದು, ಎಂದೂ ಸಾಯದ್ದು. ಕರ್ಮ ಅದಕ್ಕೆ ಎಣ್ಣೆಬಟ್ಟೆಗೆ ಧೂಳು ಮೆತ್ತಿದಂತೆ ಮೆತ್ತುವ ಸೂಕ್ಷ್ಮ ಪುದ್ಗಲ, ಅಂದರೆ ಜಡವಸ್ತು. ತಪಸ್ಸಿನಿಂದ ಅದು ಉದುರಿದರೆ ಜೀವ ಹಗುರಾಗಿ ಲೋಕದ ತುದಿಗೆ, ಸಿದ್ಧಶಿಲೆಗೆ ಏರುತ್ತದೆ. ಅದ್ವೈತಿಗೆ ಕೇಳಿದರೆ ಜೀವ ಬೇರೆಬೇರೆ ಎಂಬುದೇ ಭ್ರಮೆ, ಆತ್ಮ ಬ್ರಹ್ಮವೇ. ಒಬ್ಬರು ‘ಇಲ್ಲ’, ಒಬ್ಬರು ‘ಅನಂತ’, ಒಬ್ಬರು ‘ಒಂದೇ’. ಇದನ್ನು ‘ಎಲ್ಲಾ ಒಂದ’ ಅನ್ನುವುದು ಹೇಗೆ?

ಮೂರನೆಯದು ಅಹಿಂಸೆ. ಕರ್ಮದ ಲೆಕ್ಕ ಬೇರೆಯಾದರೆ ಅಹಿಂಸೆಯ ಲೆಕ್ಕವೂ ಬೇರೆಯಾಗುತ್ತದೆ. ಬುದ್ಧನಿಗೆ ಕರ್ಮ ಎಂದರೆ ಚೇತನಾ, ಮನಸ್ಸಿನ ಸಂಕಲ್ಪ. ಮಜ್ಝಿಮ ನಿಕಾಯ ಎಂಬ ಬೌದ್ಧ ಗ್ರಂಥದ ಉಪಾಲಿ ಸುತ್ತದಲ್ಲಿ ಇದರ ಮೇಲೆಯೇ ವಾದ ನಡೆಯುತ್ತದೆ: ದೇಹದ ಕೃತ್ಯವೇ ಹೆಚ್ಚು ಪಾಪ ಎಂದು ನಿಗಂಠರ (ಜೈನರ) ಶಿಷ್ಯ, ಮನಸ್ಸಿನದೇ ಹೆಚ್ಚು ಎಂದು ಬುದ್ಧ. (ಜೈನರ ಪರವಾಗಿ ಒಂದು ಮಾತು: ಅವರ ಗ್ರಂಥಗಳು ಭಾವಹಿಂಸೆ, ದ್ರವ್ಯಹಿಂಸೆ ಎಂದು ಎರಡನ್ನೂ ಬಿಡಿಸಿ ಹೇಳುತ್ತವೆ. ಬೌದ್ಧ ಸುತ್ತ ಎದುರಾಳಿಯ ವಾದವನ್ನು ತನಗೆ ಅನುಕೂಲವಾಗುವಷ್ಟೇ ಹೇಳಿದೆ.) ಊಟದ ತಟ್ಟೆಯಲ್ಲಿ ವ್ಯತ್ಯಾಸ ಸ್ಪಷ್ಟ. ದಿಗಂಬರ ಮುನಿ ದಿನಕ್ಕೊಮ್ಮೆ, ನಿಂತು, ಅಂಗೈಯಲ್ಲೇ ಉಣ್ಣುತ್ತಾರೆ. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು. ಭಿಕ್ಷುವಿಗೆ ಮೂರು ಚೀವರ, ಒಂದು ಪಾತ್ರೆ. ಮಧ್ಯಾಹ್ನದೊಳಗೆ ಊಟ ಮುಗಿಯಬೇಕು, ಪಾತ್ರೆಗೆ ಬಿದ್ದದ್ದನ್ನು ಉಣ್ಣಬೇಕು. ತನಗಾಗಿಯೇ ಕೊಂದದ್ದು ಎಂದು ಕಾಣದೆ, ಕೇಳದೆ, ಸಂಶಯ ಬಾರದೆ ಇದ್ದರೆ ಮಾಂಸವೂ ವಿನಯದಲ್ಲಿ (ಭಿಕ್ಷುಗಳ ನಿಯಮಾವಳಿಯಲ್ಲಿ) ನಿಷಿದ್ಧವಲ್ಲ. ಮಹಾಯಾನದ ಕೆಲವು ಸೂತ್ರಗಳು ಇದನ್ನೂ ಬೇಡ ಅಂದವು. ಉಪವಾಸವಿದ್ದು ದೇಹ ಬಿಡುವ ಸಲ್ಲೇಖನ ಜೈನರಿಗೆ ದೊಡ್ಡ ವ್ರತ, ನಾಡಿನ ತುಂಬ ಅದರ ನೆನಪಿನ ನಿಷಿಧಿ ಕಲ್ಲುಗಳಿವೆ. ಆರು ವರ್ಷ ಮೈ ದಂಡಿಸಿ, ಅದು ದಾರಿಯಲ್ಲ ಎಂದು ಎದ್ದು ಬಂದ ಬುದ್ಧನಿಗೆ ಅದು ಒಪ್ಪಿಗೆಯಿಲ್ಲ.

ಐಹೊಳೆಗೆ ಬಂದರೆ ಸೇವೆಯ ದೊಡ್ಡ ಲೋಪ ಸಿದ್ಧಾಂತದ್ದಲ್ಲ, ವೇಳೆಯದ್ದು. ರೂಢಿಯ ಸುತ್ತು ಬಾದಾಮಿ, ಪಟ್ಟದಕಲ್ಲು, ಐಹೊಳೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆಗೆ 13ರ ಆಸುಪಾಸು. ಐಹೊಳೆ ಮುಟ್ಟುವಾಗ ಮಧ್ಯಾಹ್ನ ಮೂರು, ಗುಂಪಿಗೆ ಸುಸ್ತು. ದುರ್ಗ ಗುಡಿ, ಲಾಡಖಾನ ಗುಡಿ ತೋರಿಸಿ ಗಾಡಿ ತಿರುಗಿಸುತ್ತಾರೆ, ಮೇಗುಟಿ ಗುಡ್ಡ ಹತ್ತಿಸುವುದಿಲ್ಲ. ಬೌದ್ಧ ಗುಡಿ ಇರುವುದೇ ಆ ಗುಡ್ಡದ ಮೇಲೆ. ಈ ಸುತ್ತನ್ನು ತಿರುವಿಹಾಕಿ: ಬೆಳಿಗ್ಗೆ ಮೊದಲು ಐಹೊಳೆ, ಸಂಜೆಗೆ ಬಾದಾಮಿ. ಕಾರಣ ಎರಡು. ಮೇಗುಟಿಯ ರವಿಕೀರ್ತಿ ಶಾಸನ ಪೂರ್ವದ ಗೋಡೆಯಲ್ಲಿದೆ. ಬೆಳಗಿನ ಓರೆ ಬಿಸಿಲಲ್ಲಿ ಅದರ ಹತ್ತೊಂಬತ್ತು ಸಾಲಿನ ಅಕ್ಷರ ಎದ್ದು ಕಾಣುತ್ತವೆ, ಮಧ್ಯಾಹ್ನದ ಮೇಲೆ ಗೋಡೆ ನೆರಳಿಗೆ ಹೋಗುತ್ತದೆ. ಎರಡನೆಯದಾಗಿ, ಮೇಲೆ ನೀರು ಸಿಗದು, ಮೂರು ಗಂಟೆಯ ಬಂಡೆ ಕಾಲು ಸುಡುತ್ತದೆ. ತಲೆಗೊಂದು ಲೀಟರ್ ನೀರು ಹಿಡಿದು ಹತ್ತಿ.

ತುದಿಗಿಂತ ತುಸು ಕೆಳಗೆ, ಅರ್ಧ ಬಂಡೆ ಕೊರೆದು ಅರ್ಧ ಕಟ್ಟಿದ ಎರಡಂತಸ್ತಿನ ಗುಡಿ ಸಿಗುತ್ತದೆ. ಆರನೇ ಶತಮಾನದ ಕೊನೆಯದು. ಮುಂದೆ ಸಾಲುಕಂಬ, ಹಿಂದೆ ಬಂಡೆಯೊಳಗೆ ಹೋಗುವ ಕೋಣೆಗಳು. ಹೊರಗೆ ತಲೆಯಿಲ್ಲದ ಬುದ್ಧ. ಕೆಳ ಅಂತಸ್ತಿನ ಬಾಗಿಲುವಾಡದ ಕೆತ್ತನೆಗೆ ಹತ್ತು ನಿಮಿಷ ಕೊಡಿ. ಮೇಲಂತಸ್ತಿನ ನಡು ಅಂಕಣದಲ್ಲಿ ಛತ್ರಿಯ ಕೆಳಗೆ ಕೂತ ಬುದ್ಧನಿದ್ದಾನೆ. ಇದು ವಿಹಾರವೂ ಹೌದು. ವಿಹಾರ ಎಂದರೆ ಮೂಲತಃ ಭಿಕ್ಷುಗಳು ತಂಗುವ ಮನೆ, ಮಳೆಗಾಲದ ಮೂರು ತಿಂಗಳು ತಿರುಗಾಟ ನಿಲ್ಲಿಸಿ ಕೂರುವ ಜಾಗ. ಜೈನರಿಗೂ ಇದೇ ರೂಢಿ ಇದೆ, ಅದು ಚಾತುರ್ಮಾಸ. ಇಲ್ಲಿಂದ ಕೆಲವೇ ಹೆಜ್ಜೆ ಮೇಲೆ ಜೈನರ ಮೇಗುಟಿ, ಮೇಲಿನ ಗುಡಿ, ಶಕ 556ರದು, ಅಂದರೆ ಕ್ರಿ.ಶ. 634. ಶಾಸನ ಜಿನಸ್ತುತಿಯಿಂದ ಶುರುವಾಗಿ ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹಾಡುತ್ತದೆ. ಅದೇ ಪುಲಕೇಶಿಯ ರಾಜ್ಯಕ್ಕೆ ಬಂದ ಹ್ಯೂಯೆನ್ ತ್ಸಾಂಗ್ ಇಲ್ಲಿ ನೂರಕ್ಕೂ ಹೆಚ್ಚು ವಿಹಾರ, ಐದು ಸಾವಿರ ಭಿಕ್ಷುಗಳಿದ್ದರು ಎಂದು ಬರೆದಿದ್ದಾನೆ. ಗೈಡ್‌ಗಳು ಈ ಯಾತ್ರಿಕನ ಹೆಸರು ಹೇಳುತ್ತಾರೆ, ವಿಹಾರದ ಎದುರು ನಿಂತು ಹೇಳುವುದಿಲ್ಲ.

‘ಶಂಕರಾಚಾರ್ಯರು ಬಂದ ಮೇಲೆ ಬೌದ್ಧರು ಓಡಿಹೋದರು’ ಎಂಬುದು ಗುಡ್ಡ ಇಳಿಯುವಾಗಿನ ಮಾತು. ಪಕ್ಕದ ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನ ಬುದ್ಧನ ವಿಹಾರ, ತಾರಾದೇವಿಯ ವಿಹಾರ ಎರಡನ್ನೂ ಹೆಸರಿಸುತ್ತದೆ. ಶಂಕರರ ಕಾಲ ಕಳೆದು ಶತಮಾನಗಳಾದ ಮೇಲೆ, ಬಸವಣ್ಣನ ಕಾಲಕ್ಕೆ ಕೆಲವೇ ದಶಕ ಮೊದಲು.

ಕೂಡಲಸಂಗಮವೂ ಸುತ್ತಿನಲ್ಲಿದ್ದರೆ ಹೋಲಿಕೆ ಇನ್ನೂ ಬಿಗಿಯಾಗಬೇಕು, ಅಲ್ಲೇ ಸಡಿಲವಾಗುತ್ತದೆ. ‘ಅಲ್ಲಮ ಶೂನ್ಯ ಅಂದ, ಬುದ್ಧನೂ ಶೂನ್ಯ ಅಂದ’ ಎಂದು ಗಂಟು ಹಾಕುತ್ತಾರೆ. ಶಬ್ದ ಒಂದೇ, ಸರಕು ಬೇರೆ. ಬೌದ್ಧ ತತ್ತ್ವಜ್ಞಾನಿ ನಾಗಾರ್ಜುನನ ಶೂನ್ಯತೆ ಎಂದರೆ ಯಾವ ವಸ್ತುವಿಗೂ ತನ್ನಷ್ಟಕ್ಕೆ ತಾನೇ ನಿಂತ ಸ್ವಭಾವ ಇಲ್ಲ, ಎಲ್ಲವೂ ಇನ್ನೊಂದನ್ನು ಆಧರಿಸಿ ಹುಟ್ಟಿದ್ದು ಎಂಬುದು. ಶರಣರ ಶೂನ್ಯ, ಅಂದರೆ ಬಯಲು, ಲಿಂಗ–ಅಂಗ ಸಾಮರಸ್ಯದ ಕೊನೆ. ಭಕ್ತನಿಂದ ಐಕ್ಯದವರೆಗೆ ಆರು ಸ್ಥಲ ಏರಿ ಸೇರುವ ಜಾಗ. ಅಲ್ಲಿ ಸೇರಲು ಶಿವನಿದ್ದಾನೆ, ನಾಗಾರ್ಜುನನಲ್ಲಿ ಸೇರುವುದಕ್ಕೆ ಯಾರೂ ಇಲ್ಲ. ನಿಜವಾಗಿ ಹೋಲಿಸಬೇಕಾದ್ದು ದುಡಿಮೆ. ಬುದ್ಧ ಗೃಹಸ್ಥರಿಗೆ ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ ಈ ಐದರ ವ್ಯಾಪಾರ ಬೇಡ ಅಂದ. ಭಿಕ್ಷುವನ್ನು ದುಡಿಮೆಯಿಂದಲೇ ಬಿಡಿಸಿ ಪಾತ್ರೆ ಕೊಟ್ಟ. ಶರಣರಲ್ಲಿ ಗುರು, ಲಿಂಗ, ಜಂಗಮ ಯಾರಿಗೂ ಕಾಯಕದಿಂದ ಬಿಡುಗಡೆಯಿಲ್ಲ, ದುಡಿದದ್ದು ದಾಸೋಹಕ್ಕೆ. ಜಾತಿಯ ಮಾತಿನಲ್ಲಿ ಇಬ್ಬರೂ ಹತ್ತಿರ, ಅನ್ನದ ಮಾತಿನಲ್ಲಿ ದೂರ.

ಒಟ್ಟು ಅಂಕ: ಶಿಲ್ಪಕ್ಕೆ ಒಂಬತ್ತು, ಜೈನ ಭಾಗಕ್ಕೆ ಆರು, ಬೌದ್ಧ ಭಾಗಕ್ಕೆ ಮೂರು. ದರ ಮತ್ತು ಜಾಗಗಳ ಪಟ್ಟಿಯನ್ನು ಹೊರಡುವ ಮೊದಲೇ ಮಾತಾಡಿ, ‘ಮೇಗುಟಿ ಗುಡ್ಡ, ಎರಡಂತಸ್ತಿನ ಬೌದ್ಧ ಗುಡಿ, ಬಾದಾಮಿಯ ಪದ್ಮಪಾಣಿ ಗವಿ’ ಎಂದು ಹೆಸರು ಹಿಡಿದೇ ಹೇಳಿ. ಗೈಡ್ ಆರಿಸಲು ಒಂದು ಪ್ರಶ್ನೆ ಸಾಕು: ಪದ್ಮಪಾಣಿ ಯಾರು? ‘ಬೋಧಿಸತ್ವ’ ಎಂಬ ಶಬ್ದ ಬಂದರೆ ಅವರನ್ನೇ ಕರೆದುಕೊಂಡು ಹೋಗಿ. ಬರದಿದ್ದರೆ ಮೊದಲ ಮೂರು ಗುಹೆಗೆ ಮಾತ್ರ ಒಪ್ಪಂದ ಮಾಡಿಕೊಂಡು, ಉಳಿದದ್ದನ್ನು ಟಾರ್ಚ್ ಹಿಡಿದು ನೀವೇ ನೋಡಿ. ಶುಕ್ರವಾರ ಮಾತ್ರ ಹೋಗಬೇಡಿ, ಬಾದಾಮಿ, ಐಹೊಳೆ ಎರಡೂ ಕಡೆ ವಸ್ತುಸಂಗ್ರಹಾಲಯಕ್ಕೆ ರಜೆ.