ಮದರ್‌ಬೋರ್ಡ್ ಹೊಸದು, ವಿಂಡೋಸ್ ಹಳೆಯದೇ: ಮೂರು ದಾರಿ ನೋಡಿದೆ, ಒಂದನ್ನು ಆರಿಸಿದೆ

ಮದರ್‌ಬೋರ್ಡ್ ಬದಲಿಸಿದರೆ ವಿಂಡೋಸ್ ಫಾರ್ಮ್ಯಾಟ್ ಮಾಡಲೇಬೇಕು ಅನ್ನೋ ಮಾತು ಈಗ ನಿಜ ಅಲ್ಲ. ವಿಂಡೋಸ್ ಇರುವ ಹಳೆ ಡಿಸ್ಕನ್ನು, ಅಂದರೆ ಎಸ್‌ಎಸ್‌ಡಿಯನ್ನು, ಹೊಸ ಬೋರ್ಡಿಗೆ ಸಿಕ್ಕಿಸಿ ಆನ್ ಮಾಡುವುದೇ ನನ್ನ ಆಯ್ಕೆ. ಉಳಿದ ಎರಡು ದಾರಿಗಳನ್ನೂ ನೋಡಿದೆ. ಒಂದು ನನ್ನ ತಾಳ್ಮೆ ತಿಂದಿತು, ಇನ್ನೊಂದು ನನ್ನಂಥವರಿಗಲ್ಲ. ಆದರೆ ಬೋರ್ಡ್ ಬಿಚ್ಚುವ ಮೊದಲು ಸ್ವಲ್ಪ ತಯಾರಿ ಬೇಕು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್, ಸಂಘದ ವಾರ್ಷಿಕ ವರದಿ, ಇಂಥವು. ಇದ್ದದ್ದು ಎಚ್81 ಬೋರ್ಡ್, ನಾಲ್ಕನೇ ಜನರೇಶನ್ ಐ5. ಒಂದು ರ‍್ಯಾಮ್ ಸ್ಲಾಟ್ ಸತ್ತಿತ್ತು, ಹಿಂದಿನ ಯುಎಸ್‌ಬಿಗಳು ಮನಸ್ಸು ಬಂದಾಗ ಕೆಲಸ ಮಾಡುತ್ತಿದ್ದವು. ಮೇಲಾಗಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಅಥವಾ ಅದರ ಮೇಲಿನದು ಬೇಕು. ಹಾಗಾಗಿ ಎಚ್610 ಬೋರ್ಡ್, ಹನ್ನೆರಡನೇ ಜನರೇಶನ್ ಐ3, ಡಿಡಿಆರ್4 ರ‍್ಯಾಮ್ ತಗೊಂಡೆ. ಎಸ್‌ಎಸ್‌ಡಿ, ಕ್ಯಾಬಿನೆಟ್, ಎಸ್‌ಎಂಪಿಎಸ್ ಹಳೆಯವೇ. ಅಂಗಡಿಯವರು ಮೊದಲು ಹೇಳಿದ ಮಾತೇ "ಫಾರ್ಮ್ಯಾಟ್ ಮಾಡಿ ಕೊಡ್ತೀವಿ ಸರ್, ಇಲ್ಲಾಂದ್ರೆ ಆನ್ ಆಗಲ್ಲ".

ಫಾರ್ಮ್ಯಾಟ್ ಅಂದರೆ ನನಗೆ ಯಾಕೆ ಭಯ ಅಂತ ಡಿಟಿಪಿ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದನ್ನು ಇವತ್ತಿನ ವಿಂಡೋಸ್‌ನಲ್ಲಿ ಒಮ್ಮೆ ಕೂರಿಸಿದ ಮೇಲೆ ಯಾರೂ ಅದರ ಮೈ ಮುಟ್ಟುವುದಿಲ್ಲ. ಕನ್ನಡ ಟೈಪ್ ಮಾಡುವ ನುಡಿ, ಅದರ ಹಳೆ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟುಗಳು, ಗಿರಾಕಿಗಳು ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟ ಎಲ್ಲೆಲ್ಲಿಯದೋ ಫಾಂಟುಗಳು, ಡಿಜಿಟಲ್ ಸಿಗ್ನೇಚರ್ ಟೋಕನ್ನಿನ ಡ್ರೈವರ್, ಕಂಪನಿಯೇ ಕೈಬಿಟ್ಟಿರುವ ಸ್ಕ್ಯಾನರ್. ಎಲ್ಲ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಮದುವೆ ಸೀಸನ್ನಿನ ಆರ್ಡರ್‌ಗಳು ಪಕ್ಕದ ಅಂಗಡಿಗೆ ಹೋಗಿರುತ್ತವೆ.

ಈಗ ದಾರಿಗಳು. ಒಂದು, ಹಾಗೇ ಎತ್ತಿ ಸಿಕ್ಕಿಸುವುದು. ಎರಡು, ಬಿಚ್ಚುವ ಮೊದಲು ವಿಂಡೋಸ್ ಜೊತೆಗೇ ಬರುವ ಸಿಸ್‌ಪ್ರೆಪ್ ಓಡಿಸಿ, ಹಳೆ ಬೋರ್ಡಿನ ಗುರುತನ್ನೆಲ್ಲ ವಿಂಡೋಸ್‌ನಿಂದ ಅಳಿಸಿ, ಆಮೇಲೆ ಸಿಕ್ಕಿಸುವುದು. ಮೂರು, ಹೊಸದಾಗಿ ಇನ್‌ಸ್ಟಾಲ್ ಮಾಡುವುದು. ಮೊದಲ ಎರಡನ್ನು ನನ್ನದೇ ಮಷಿನ್ನಿನಲ್ಲಿ ಮಾಡಿದೆ. ಕ್ಲೋನ್‌ಜಿಲ್ಲಾದಿಂದ ಎಸ್‌ಎಸ್‌ಡಿಯ ಇನ್ನೊಂದು ಪ್ರತಿ ತೆಗೆದು ಅದರ ಮೇಲೆ ಸಿಸ್‌ಪ್ರೆಪ್ ಪ್ರಯೋಗ ಮಾಡಿದೆ. ಮೂರನೆಯದು ಅಕ್ಕನ ಮಗನ ಗೇಮಿಂಗ್ ಪಿಸಿಯಲ್ಲಿ.

ಇದೆಲ್ಲದರ ನಡುವೆ ನಿಜವಾಗಿ ತಲೆ ತಿಂದದ್ದು ಡ್ರೈವರ್ ಅಲ್ಲ, ಆಕ್ಟಿವೇಶನ್ನೂ ಅಲ್ಲ. ಸಿ, ಡಿ, ಇ ಡ್ರೈವ್‌ಗಳು!

ನನ್ನ ಹಳೆ ವಿಂಡೋಸ್ ಇನ್‌ಸ್ಟಾಲ್ ಆಗಿದ್ದು ಲೆಗಸಿ ಬಯಾಸ್ ಮೋಡಿನಲ್ಲಿ, ಅಂದರೆ ಪಿಸಿಯನ್ನು ಬೂಟ್ ಮಾಡುವ ಹಳೆ ಪದ್ಧತಿಯಲ್ಲಿ, ಎಂಬಿಆರ್ ಅನ್ನುವ ಹಳೆ ಬಗೆಯಲ್ಲಿ ಭಾಗ ಮಾಡಿದ ಡಿಸ್ಕಿನ ಮೇಲೆ. ಆಗ ಜೋಡಿಸಿ ಕೊಟ್ಟ ಹುಡುಗರೆಲ್ಲ ಹಾಗೇ ಮಾಡುತ್ತಿದ್ದರು. ಹೊಸ ಬೋರ್ಡುಗಳು ಯುಇಎಫ್‌ಐ ಅನ್ನುವ ಹೊಸ ಪದ್ಧತಿ ಕೇಳುತ್ತವೆ. ಹಳೆ ಮೋಡಿನ ಡಿಸ್ಕನ್ನು ಬೂಟ್ ಮಾಡಲು ಬಯಾಸ್‌ನಲ್ಲಿ ಸಿಎಸ್ಎಂ ಅಂತ ಒಂದು ಆಯ್ಕೆ ಇರುತ್ತಿತ್ತು. ಇಂಟೆಲ್ 500 ಸರಣಿಯಿಂದ ಈಚೆಗೆ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸನ್ನೇ ಬಳಸುವವರಿಗೆ ಅದು ಸಿಗುವುದಿಲ್ಲ. ಡಿಟಿಪಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಯಾರು ಹಾಕಿಸ್ತಾರೆ? ನನ್ನದೂ ಒಳಗಿನದೇ. ಅಂದರೆ ಹಳೆ ಎಸ್‌ಎಸ್‌ಡಿಯನ್ನು ಹಾಗೇ ಸಿಕ್ಕಿಸಿದ್ದರೆ ಬಯಾಸ್ ಪರದೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಂಗಡಿಯವರು "ಆನ್ ಆಗಲ್ಲ" ಅಂದದ್ದರ ಹಿಂದೆ ಇದೂ ಒಂದು ಕಾರಣ ಇರಬಹುದು, ಅಷ್ಟು ಮಟ್ಟಿಗೆ ಅವರ ಮಾತು ಸರಿ.

ಇದಕ್ಕೆ ಔಷಧಿ ವಿಂಡೋಸ್ ಒಳಗೇ ಇದೆ. ಎಂಬಿಆರ್2ಜಿಪಿಟಿ ಅಂತ ಒಂದು ಕಮಾಂಡ್. ವಿಂಡೋಸ್ 10ರ 1703 ಆವೃತ್ತಿಯಿಂದ ಜೊತೆಗೇ ಬರುತ್ತದೆ. ಡೇಟಾ ಅಳಿಸದೆ ಡಿಸ್ಕನ್ನು ಜಿಪಿಟಿ ಅನ್ನುವ ಹೊಸ ಬಗೆಗೆ ಬದಲಿಸುತ್ತದೆ, ಯುಇಎಫ್‌ಐಗೆ ಬೇಕಾದ ಬೂಟ್ ಪಾರ್ಟಿಶನ್ನನ್ನೂ ತಾನೇ ಮಾಡಿಕೊಳ್ಳುತ್ತದೆ. ಮೊದಲು ವ್ಯಾಲಿಡೇಟ್ ಅಂತ ಕೊಟ್ಟು ಪರೀಕ್ಷೆ ಮಾಡಬೇಕು, ಆಮೇಲೆ ಕನ್ವರ್ಟ್. ಓಡುತ್ತಿರುವ ವಿಂಡೋಸ್‌ನಿಂದಲೇ ಮಾಡುವುದಾದರೆ ಅಲೋಫುಲ್‌ಓಎಸ್ ಅನ್ನುವುದನ್ನೂ ಸೇರಿಸಬೇಕು. ನಾನು ವ್ಯಾಲಿಡೇಟ್ ಕೊಟ್ಟೆ. ಡಿಸ್ಕ್ ಲೇಔಟ್ ವ್ಯಾಲಿಡೇಶನ್ ಫೇಲ್ಡ್ ಅಂತ ಒಂದೇ ಸಾಲು. ಯಾಕೆ, ಏನು, ಒಂದು ವಿವರಣೆಯೂ ಇಲ್ಲ.

ಕಾರಣ ಇಷ್ಟೇ. ಈ ಕಮಾಂಡಿಗೆ ಡಿಸ್ಕಿನಲ್ಲಿ ಹೆಚ್ಚೆಂದರೆ ಮೂರು ಪ್ರೈಮರಿ ಪಾರ್ಟಿಶನ್ ಇರಬೇಕು, ಎಕ್ಸ್‌ಟೆಂಡೆಡ್ ಇರಲೇಬಾರದು. ನಮ್ಮ ಕಡೆ ಪಿಸಿ ಜೋಡಿಸುವವರು ಸಿ, ಡಿ, ಇ ಮಾಡದೆ ಬಿಡುವುದುಂಟಾ? ವಿಂಡೋಸ್ ತಾನೇ ಸಿಸ್ಟಮ್ ರಿಸರ್ವ್ಡ್ ಅಂತ ಒಂದು ಚೂರು ಮಾಡಿಕೊಂಡಿರುತ್ತದೆ. ಸಿ, ಡಿ ಸೇರಿದರೆ ಅಲ್ಲಿಗೆ ಮೂರು. ನಾಲ್ಕನೆಯದು ಇ ಮಾಡಲು ಹೋದಾಗ ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ಎಕ್ಸ್‌ಟೆಂಡೆಡ್ ಮಾಡಿ ಒಳಗೆ ಲಾಜಿಕಲ್ ಡ್ರೈವ್ ಇಡುತ್ತದೆ. ಹಾಗಾಗಿ ನನ್ನ ಇ ಡ್ರೈವ್ ಒಂದರಿಂದ ಇಡೀ ಕೆಲಸ ನಿಂತಿತ್ತು.

ಇ ಡ್ರೈವಿನಲ್ಲಿದ್ದ ಫೋಟೋ, ಹಳೆ ಫೈಲುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದು, ಆ ಪಾರ್ಟಿಶನ್ ಅಳಿಸಿದೆ. ಮತ್ತೆ ವ್ಯಾಲಿಡೇಟ್. ಮತ್ತೆ ಅದೇ ಸಾಲು. ಡ್ರೈವ್ ಅಳಿಸಿದರೂ ಅದರ ಸುತ್ತಲಿನ ಎಕ್ಸ್‌ಟೆಂಡೆಡ್ ಡಬ್ಬಿ ಹಾಗೇ ಉಳಿದಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹಸಿರು ಬಣ್ಣದಲ್ಲಿ ಫ್ರೀ ಸ್ಪೇಸ್ ಅಂತ ತೋರಿಸುತ್ತದೆ. ನೋಡಿದರೆ ಖಾಲಿ ಜಾಗ ಅನ್ನಿಸುತ್ತದೆ, ಆದರೆ ಅದರ ಮೇಲೂ ರೈಟ್ ಕ್ಲಿಕ್ ಮಾಡಿ ಇನ್ನೊಮ್ಮೆ ಡಿಲೀಟ್ ಕೊಡಬೇಕು. ಅದು ಕಪ್ಪು ಪಟ್ಟಿಯ ಅನ್‌ಅಲೋಕೇಟೆಡ್ ಆದ ಮೇಲೆ ವ್ಯಾಲಿಡೇಟ್ ಪಾಸಾಯಿತು, ಕನ್ವರ್ಟ್ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಡಿ ಡ್ರೈವಿಗೆ ಏನೂ ಆಗಲಿಲ್ಲ.

ಇಲ್ಲಿ ಎರಡು ಮಾತು. ಕನ್ವರ್ಟ್ ಆದ ಮೇಲೆ ಹಳೆ ಬೋರ್ಡಿನ ಬಯಾಸ್‌ನಲ್ಲೇ ಲೆಗಸಿ ತೆಗೆದು ಯುಇಎಫ್‌ಐ ಮಾಡಿ ಒಮ್ಮೆ ಬೂಟ್ ಆಗುತ್ತಾ ನೋಡಿಕೊಳ್ಳಿ. ಎಚ್81ರಲ್ಲೂ ಯುಇಎಫ್‌ಐ ಇದೆ. ಅಲ್ಲಿ ಬೂಟ್ ಆದರೆ ಅರ್ಧ ಚಿಂತೆ ಮುಗಿಯಿತು, ಇನ್ನೇನಾದರೂ ಕೆಟ್ಟರೆ ಅದು ಹೊಸ ಬೋರ್ಡಿನ ಸಮಸ್ಯೆ ಅಂತ ಗೊತ್ತಾಗುತ್ತದೆ. ಎರಡನೆಯದು, ಖಾಲಿ ಜಾಗದಲ್ಲಿ ಹೊಸ ಪಾರ್ಟಿಶನ್ ಮಾಡಿ ಇ ಅನ್ನುವ ಅಕ್ಷರವನ್ನೇ ಕೊಡಿ. ಪೇಜ್‌ಮೇಕರ್ ಫೈಲುಗಳು ಫೋಟೋ ಎಲ್ಲಿದೆ ಅಂತ ಡ್ರೈವ್ ಅಕ್ಷರದ ಸಮೇತ ನೆನಪಿಟ್ಟುಕೊಂಡಿರುತ್ತವೆ. ಅಕ್ಷರ ಬದಲಾದರೆ ಪ್ರತಿ ಫೈಲಿಗೂ ಲಿಂಕ್ ಹುಡುಕಿ ಕೊಡುತ್ತಾ ಕೂರಬೇಕು.

ಇಷ್ಟಾದ ಮೇಲೆ ನೇರ ದಾರಿಯಲ್ಲಿ ಹೇಳುವುದಕ್ಕೆ ಜಾಸ್ತಿ ಏನಿಲ್ಲ. ಬೋರ್ಡ್ ಕೂರಿಸಿದೆ, ಎಸ್‌ಎಸ್‌ಡಿ ಸಿಕ್ಕಿಸಿದೆ, ಗೆಟಿಂಗ್ ಡಿವೈಸಸ್ ರೆಡಿ ಅಂತ ಸ್ವಲ್ಪ ಹೊತ್ತು ಸುತ್ತಿತು, ಒಂದು ರೀಸ್ಟಾರ್ಟ್, ಆಮೇಲೆ ನನ್ನ ಅದೇ ಡೆಸ್ಕ್‌ಟಾಪ್. ಸಾಟಾ, ಎನ್‌ವಿಎಂಇ ಎರಡೂ ಬಗೆಯ ಡಿಸ್ಕಿಗೆ ಸಾಮಾನ್ಯ ಡ್ರೈವರ್ ವಿಂಡೋಸ್ 10, 11ರಲ್ಲಿ ಮೊದಲೇ ಇರುತ್ತದೆ, ಅದಕ್ಕೇ ಇದು ಸಾಧ್ಯ. ಹಳೆ ಬೋರ್ಡಿನ ಬಯಾಸ್‌ನಲ್ಲಿ ಡಿಸ್ಕಿನ ಮೋಡ್ ಎಎಚ್‌ಸಿಐ ಇದ್ದರೆ ಹೊಸದರಲ್ಲೂ ಅದೇ ಇರಲಿ. ವಿಎಂಡಿ (ಇಂಟೆಲ್‌ನ ಇನ್ನೊಂದು ಡಿಸ್ಕ್ ಮೋಡ್) ಅಂತ ಆಯ್ಕೆ ಕಂಡರೆ ಆಫ್ ಮಾಡಿ. ಲ್ಯಾನ್ ಡ್ರೈವರ್ ಸಿಗದೇ ಇಂಟರ್‌ನೆಟ್ ಬರದಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಆಯಿತು. ಲ್ಯಾನ್ ಕಾರ್ಡಿಗೆ ಕೈಯಾರೆ ಐಪಿ ಕೊಟ್ಟಿದ್ದವರಿಗೆ, ಈ ಐಪಿ ಈಗಿಲ್ಲದ ಇನ್ನೊಂದು ಅಡಾಪ್ಟರಿಗೆ ಕೊಟ್ಟಾಗಿದೆ ಅಂತ ಒಂದು ತಕರಾರು ಬರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿ, ಮಸುಕಾಗಿ ಕಾಣುವ ಹಳೆ ಲ್ಯಾನ್ ಕಾರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ.

ಆಕ್ಟಿವೇಶನ್ ನಿಮ್ಮ ಲೈಸೆನ್ಸ್ ಯಾವ ಬಗೆಯದು ಅನ್ನುವುದರ ಮೇಲೆ ನಿಂತಿದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಲ್‌ಎಂಜಿಆರ್ ಕಮಾಂಡನ್ನು ಡಿಎಲ್‌ಐ ಆಯ್ಕೆ ಕೊಟ್ಟು ಓಡಿಸಿದರೆ ರೀಟೇಲ್ (ಬೇರೆಯಾಗಿ ಕೊಂಡದ್ದು) ಅಥವಾ ಓಇಎಂ (ಪಿಸಿ ಜೊತೆಗೇ ಬಂದದ್ದು) ಅಂತ ತೋರಿಸುತ್ತದೆ. ಓಇಎಂ ಆದರೆ ಅದು ಹಳೆ ಬೋರ್ಡಿಗೇ ಅಂಟಿಕೊಂಡದ್ದು, ಹೊಸ ಲೈಸೆನ್ಸ್ ದುಡ್ಡನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ. ನನ್ನದು ರೀಟೇಲ್. ಬಿಚ್ಚುವ ಮೊದಲೇ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿದ್ದೆ. ಹೊಸ ಬೋರ್ಡಿನಲ್ಲಿ ಆಕ್ಟಿವೇಶನ್ ಹೋಗಿತ್ತು, ಟ್ರಬಲ್‌ಶೂಟ್ ಒತ್ತಿ ಈಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಅಂತ ಆರಿಸಿದೆ, ಬಂತು. ಟ್ಯಾಲಿ ಇರುವವರು ಬಿಚ್ಚುವ ಮೊದಲು ಅದರ ಲೈಸೆನ್ಸ್ ಸರೆಂಡರ್ ಮಾಡಿಬಿಡಿ, ಆಮೇಲೆ ಒದ್ದಾಡೋದು ಬೇಡ.

ಸಿಸ್‌ಪ್ರೆಪ್ ಓದಲು ಬಹಳ ಚೆನ್ನಾಗಿದೆ. ಜನರಲೈಸ್ ಅಂತ ಕೊಟ್ಟರೆ ಹಳೆ ಹಾರ್ಡ್‌ವೇರಿನ ಲೆಕ್ಕವೆಲ್ಲ ಅಳಿದು, ವಿಂಡೋಸ್ ಹೊಸ ಮಷಿನ್ನಿಗೆ ಬಂದವರ ಹಾಗೆ ಎದ್ದು ಕೂರುತ್ತದೆ. ಆದರೆ ಅದು ಮಾಡಿರುವುದು ಒಂದೇ ಬಗೆಯ ನೂರಾರು ಪಿಸಿಗಳಿಗೆ ವಿಂಡೋಸ್ ಹಂಚುವ ಕಂಪನಿಗಳಿಗೆ. ವರ್ಷಗಟ್ಟಲೆ ಬಳಸಿದ ಮನೆ ಪಿಸಿಯಲ್ಲಿ ಅದು ಸ್ಟೋರ್ ಆ್ಯಪ್‌ಗಳ ಮೇಲೆ ಎಡವುತ್ತದೆ. ಒಬ್ಬ ಯೂಸರಿಗೆ ಮಾತ್ರ ಇನ್‌ಸ್ಟಾಲ್ ಆದ ಆ್ಯಪ್ ಕಂಡರೆ ನಿಂತುಬಿಡುತ್ತದೆ. ಯಾವ ಆ್ಯಪ್ ಅಂತ ಲಾಗ್ ಫೈಲಿನಲ್ಲಿ ಹುಡುಕಿ, ಪವರ್‌ಶೆಲ್‌ನಿಂದ ತೆಗೆದು, ಮತ್ತೆ ಓಡಿಸಿದರೆ ಇನ್ನೊಂದು ಆ್ಯಪ್. ಹೀಗೇ ಸಾಗುತ್ತದೆ. ಕೊನೆಗೆ ಆಯಿತು, ಹೊಸ ಬೋರ್ಡಿನಲ್ಲಿ ಬೂಟ್ ಕೂಡ ಆಯಿತು. ಆದರೆ ದೇಶ ಯಾವುದು, ಕೀಬೋರ್ಡ್ ಯಾವುದು, ಯೂಸರ್ ಹೆಸರೇನು ಅಂತ ಎಲ್ಲ ಮತ್ತೆ ಕೇಳಿ ಹೊಸ ಯೂಸರ್ ಮಾಡಿಸಿತು. ಅದರಿಂದ ಹೊರಬಂದು ಹಳೆ ಯೂಸರಿಗೆ ಲಾಗಿನ್ ಆಗಿ, ಹೊಸದನ್ನು ಅಳಿಸಬೇಕಾಯಿತು. ರಿಸ್ಟೋರ್ ಪಾಯಿಂಟ್‌ಗಳೂ ಹೋದವು. ನೇರವಾಗಿ ಸಿಕ್ಕಿಸಿದ ಡಿಸ್ಕಿಗಿಂತ ಇದು ಒಂದಿಷ್ಟೂ ಚುರುಕಾಗಿರಲಿಲ್ಲ. ನೇರ ದಾರಿ ಪೂರ್ತಿ ಕೈಕೊಟ್ಟರೆ ಮಾತ್ರ ಇದನ್ನು ನೆನಪಿಸಿಕೊಳ್ಳಿ.

ಹೊಸ ಇನ್‌ಸ್ಟಾಲ್ ಅಕ್ಕನ ಮಗನಿಗೆ ಸರಿಯಾಗಿತ್ತು. ಅವನು ಇಂಟೆಲ್ ಬಿಟ್ಟು ರೈಜೆನ್ 5600, ಬಿ550 ಬೋರ್ಡಿಗೆ ಹೋದ. ಗೇಮ್‌ಗಳೆಲ್ಲ ಬೇರೆ ಡ್ರೈವಿನಲ್ಲಿ, ಸ್ಟೀಮ್ ಹಾಕಿ ಆ ಫೋಲ್ಡರ್ ತೋರಿಸಿದರೆ ಮತ್ತೆ ಡೌನ್‌ಲೋಡ್ ಬೇಕಿಲ್ಲ. ಹಳೆ ಬೋರ್ಡಿನ ಲೈಟ್ ಆಡಿಸುವ ಸಾಫ್ಟ್‌ವೇರ್‌ಗಳ ಕಾಟವೂ ತಪ್ಪಿತು. ಸಂಜೆಗೆಲ್ಲ ಆಟಕ್ಕೆ ಕೂತಿದ್ದ. ಕಳೆದುಕೊಳ್ಳಲು ಏನೂ ಇಲ್ಲದವರಿಗೆ ಇದೇ ಚೊಕ್ಕ.

ಆದರೆ ಅವನಿಗೆ ಹೇಳಿಟ್ಟಿರುವ ಒಂದು ಮಾತು ನಿಮಗೂ ಬೇಕಾಗಬಹುದು. ವಿಂಡೋಸ್ 11ರ 24ಎಚ್2 ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಗೆ ಹೋದರೆ ಬಹಳಷ್ಟು ಪಿಸಿಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ ತಾನೇ ಆನ್ ಆಗುತ್ತದೆ. ಅದರ ಬೀಗದ ಕೈ ಇರುವುದು ಟಿಪಿಎಂ ಅನ್ನುವ ಭದ್ರತಾ ಭಾಗದಲ್ಲಿ, ಅಂದರೆ ಬೋರ್ಡಿನಲ್ಲಿ ಇಲ್ಲವೇ ಪ್ರೊಸೆಸರ್‌ನಲ್ಲಿ. ಅದು ಬದಲಾದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಬಿಚ್ಚುವ ಮೊದಲು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಸಸ್ಪೆಂಡ್ ಮಾಡಿ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ, ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸ್ ಲಾಗಿನ್ನಿನ ಪಿನ್ ಕೂಡ ಕೆಲಸ ಮಾಡದೇ ಹೋಗಬಹುದು, ಪಾಸ್‌ವರ್ಡ್ ನೆನಪಿರಲಿ.

ನನ್ನ ಲೆಕ್ಕದಲ್ಲಿ ನೇರ ದಾರಿಗೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಖರ್ಚು ಬಿಟ್ಟು ಬೇರೆ ಖರ್ಚು ಬರಲಿಲ್ಲ. ಹೊರಗಿನ ಹಾರ್ಡ್‌ಡಿಸ್ಕ್ ಮೊದಲೇ ಇತ್ತು. ಒಂದು ವಾರ ಹಾಗೇ ಓಡಿಸಿ, ಏನೂ ತೊಂದರೆ ಇಲ್ಲ ಅಂತ ಗೊತ್ತಾದ ಮೇಲೆ ಫೈಲು, ಆ್ಯಪ್ ಎಲ್ಲ ಉಳಿಸಿಕೊಂಡೇ ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ಪೇಜ್‌ಮೇಕರ್ ತೆರೆಯುತ್ತದೆ, ನುಡಿಯೂ ಟೈಪ್ ಆಗುತ್ತದೆ.

ಮೂಲೆಯಲ್ಲಿ ವಿಂಡೋಸ್ 7ರ ಇನ್ನೊಂದು ಪಿಸಿ ಇದೆ, ಹಳೆ ಪ್ರಿಂಟರ್ ಒಂದಕ್ಕಾಗಿಯೇ ಇಟ್ಟುಕೊಂಡದ್ದು. ಅದರ ಮೇಲೆ ಇದ್ಯಾವುದನ್ನೂ ಮಾಡಲ್ಲ. ವಿಂಡೋಸ್ 7 ಬೇರೆ ಡಿಸ್ಕ್ ಕಂಟ್ರೋಲರ್ ಕಂಡರೆ 7ಬಿ ನಂಬರಿನ ನೀಲಿ ಪರದೆ ತೋರಿಸಿ ನಿಂತುಬಿಡುವುದು ಸಾಮಾನ್ಯ. ಅದರ ಬೋರ್ಡ್ ಹೋದ ದಿನ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಅದೇ ಮಾಡೆಲ್ಲಿನ ಸೆಕೆಂಡ್ ಹ್ಯಾಂಡ್ ಬೋರ್ಡನ್ನೇ ಹುಡುಕುತ್ತೇನೆ.