ಮೀನಿನ ಸಾರಿಗೆ ಬೆರೆಸುವ ಮಾತ್ರೆ ಇಲ್ಲಿ ಕೊಡುವುದಿಲ್ಲ

ಉಡುಪಿಯ ಈ ಮನೋವೈದ್ಯರ ಆಸ್ಪತ್ರೆಗೆ ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ವೈದ್ಯರದ್ದಲ್ಲ, ಔಷಧಿ ಕಿಟಕಿಯದ್ದು.

ನನ್ನ ತಮ್ಮ ಮಲ್ಪೆಯಲ್ಲಿ ತಂಡೇಲ, ಅಂದರೆ ಮೀನುಗಾರಿಕೆ ಬೋಟು ನಡೆಸುವವ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಅವನ ಕುಡಿತಕ್ಕೆ ಹೊತ್ತುಗೊತ್ತು ಇರುವುದಿಲ್ಲ. ಈ ಮಳೆಗಾಲದಲ್ಲಂತೂ ಬೆಳಗ್ಗೆ ಚಹಾದ ಲೋಟ ಹಿಡಿಯಲಾಗದಷ್ಟು ಕೈನಡುಕ. ಜೊತೆಗೆ ಮಾತೂ ನಿಂತುಹೋಗಿತ್ತು. ಈ ವೈದ್ಯರ ಬಳಿಗೆ ಕರೆತಂದೆವು.

“ಅವನಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಕುಡಿತ ಬಿಡಿಸುವ ಮಾತ್ರೆ ಇದೆ, ಅದನ್ನೇ ಬರೆಸಿಕೊಂಡು ಬಾ” ಎಂದು ನೆಂಟರೆಲ್ಲ ಹೇಳಿ ಕಳುಹಿಸಿದ್ದರು. ಕೇಳಿದೆ. ವೈದ್ಯರು ತಮ್ಮನನ್ನೂ ಒಳಗೆ ಕರೆಸಿ ಕೂರಿಸಿಕೊಂಡೇ ಉತ್ತರಿಸಿದರು: “ಅಕ್ಕ, ಅದು ಡೈಸಲ್ಫಿರಾಮ್. ಇವರು ಒಪ್ಪದೆ ನಾನು ಬರೆಯುವುದಿಲ್ಲ.” ಆ ಮಾತ್ರೆ ನುಂಗಿದವರು ಕುಡಿದರೆ ಮದ್ಯ ಅರ್ಧ ಕರಗಿ ವಿಷವಾಗಿ ದೇಹದಲ್ಲೇ ಉಳಿಯುತ್ತದಂತೆ. ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರ ಜೀವಕ್ಕೇ ಅಪಾಯ. ಮಾತ್ರೆ ಬಿಟ್ಟ ಮೇಲೂ ಎರಡು ವಾರದವರೆಗೆ ಈ ಪ್ರಭಾವ ಉಳಿಯಬಹುದು. “ಮನೆಯಲ್ಲಿ ಅರಿಷ್ಟ ಗಿರಿಷ್ಟ ಕುಡಿಯುವ ರೂಢಿ ಇದೆಯೇ?” ಎಂದೂ ಕೇಳಿದರು. ಅಮ್ಮನ ದಶಮೂಲಾರಿಷ್ಟದ ಬಾಟಲಿ ನೆನಪಾಯಿತು. ಹುದುಗು ಬರಿಸಿ ಮಾಡುವ ಅದರಲ್ಲೂ ಮದ್ಯಸಾರ ಇರುತ್ತದೆ. ಕರಾವಳಿಯ ಮನೆಗಳನ್ನು ಬಲ್ಲವರು ಮಾತ್ರ ಕೇಳುವ ಪ್ರಶ್ನೆ ಅದು.

ಮೊದಲ ಕೆಲವು ದಿನ ಒಳರೋಗಿಯಾಗಿ ಇರಿಸಿಕೊಂಡು ನಡುಕಕ್ಕೆ ಲೊರಾಜೆಪಾಮ್ ಕೊಟ್ಟು ಇಳಿಸುತ್ತ ಬಂದರು, ಥಯಮಿನ್ (ಬಿ1 ವಿಟಮಿನ್) ಚುಚ್ಚುಮದ್ದು ಹಾಕಿದರು. ಲೊರಾಜೆಪಾಮನ್ನು ಮನೆಗೆ ಕೊಡಲಿಲ್ಲ, ಅದಕ್ಕೂ ಅಂಟಿಕೊಳ್ಳುವವರಿದ್ದಾರೆ. ಪಿತ್ತಜನಕಾಂಗದ ರಕ್ತಪರೀಕ್ಷೆ ನೋಡಿದ ಮೇಲೆ, ಕುಡಿಯುವ ಸೆಳೆತ ತಗ್ಗಿಸಲು ದಿನಕ್ಕೊಂದು 50 ಮಿಲಿಗ್ರಾಂ ನಾಲ್ಟ್ರೆಕ್ಸೋನ್ ಬರೆದರು. ಇದನ್ನು ನುಂಗುವವರಿಗೆ ಟ್ರಮಡಾಲ್‌ನಂತಹ ನೋವಿನ ಮಾತ್ರೆ ನಾಟುವುದಿಲ್ಲ. ಬೋಟಿನಲ್ಲಿ ಹಗ್ಗ, ಬಲೆಗೆ ಕೈ ಕೊಯ್ದುಕೊಳ್ಳುವುದು ಮಾಮೂಲು. ಹಾಗಾಗಿ ಪರ್ಸಿನಲ್ಲಿ ಇಟ್ಟುಕೊಳ್ಳಲು ಒಂದು ಚೀಟಿ ಬರೆದುಕೊಟ್ಟರು.

ಹಿಂದೆ ಬೇರೊಂದು ಕಡೆ “ಮೊದಲು ಕುಡಿತ ಬಿಡಲಿ, ಮನಸ್ಸಿನದ್ದು ಆಮೇಲೆ ನೋಡೋಣ” ಎಂದು ಸಾಗಹಾಕಿದ್ದರು. ಇಲ್ಲಿ ಕೇಳಿದ್ದು, ಕುಡಿಯದಿದ್ದ ಕಾಲದಲ್ಲೂ ಹೀಗೆ ಮಂಕಾಗಿ ಕೂರುತ್ತಿದ್ದನೇ ಎಂದು. ಕೂರುತ್ತಿದ್ದ. ಅಪ್ಪ ತೀರಿಹೋದ ವರ್ಷ ಅವನು ಬಾಟಲಿ ಮುಟ್ಟುತ್ತಿರಲಿಲ್ಲ, ಆದರೂ ವಾರಗಟ್ಟಲೆ ಕೋಣೆ ಬಿಟ್ಟು ಹೊರಬಂದಿರಲಿಲ್ಲ. ಅಷ್ಟು ತಿಳಿದ ಮೇಲೆ ಖಿನ್ನತೆಗೂ ಎಸಿಟಲೋಪ್ರಾಮ್ ಶುರು ಮಾಡಿದರು. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ನಡುವೆ ನಿಲ್ಲಿಸಬೇಡಿ ಎಂದರು. ಈಗ ಊಟಕ್ಕೆ ಕರೆದರೆ ಬಂದು ಕೂರುತ್ತಾನೆ, ಉಪ್ಪು ಕಡಿಮೆಯಾದರೆ ಬೈಯುತ್ತಾನೆ. ನನಗೆ ಅಷ್ಟು ಸಾಕು.

ಇನ್ನು ಆ ಕಿಟಕಿ. “ಕುಡಿತ ಬಿಡಿಸುವ ಮಾತ್ರೆ ಯಾರದ್ದು?” ಎಂದು ಒಳಗಿನಿಂದ ಕೂಗುತ್ತಾರೆ. ಬೆಂಚಿನಲ್ಲಿ ನಮ್ಮ ಮಲ್ಪೆಯವರೇ ಇಬ್ಬರಿದ್ದರು. ಟೋಕನ್ ಸಂಖ್ಯೆ ಕರೆದರೆ ಏನು ನಷ್ಟ? ಕಾಯುವುದೂ ಬಹಳ, ಬೆಳಗ್ಗೆ ಬೇಗ ಬನ್ನಿ, ಬೇರೆ ಕಾಯಿಲೆಗೆ ನುಂಗುತ್ತಿರುವ ಮದ್ದಿನ ಚೀಟಿಗಳನ್ನೆಲ್ಲ ತನ್ನಿ. ರಾತ್ರಿ ಇಲ್ಲಿ ಫೋನ್ ಎತ್ತುವುದಿಲ್ಲ. ಆಗ ಮನಸ್ಸು ತೀರಾ ಕೆಟ್ಟರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು.