ನಾರ್ನಿಯಾ, ಹ್ಯಾರಿ ಪಾಟರ್, ಗೋಲ್ಡನ್ ಕಂಪಾಸ್: ಮಗುವಿಗೆ ಯಾವುದು ಮೊದಲು?

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಮಕ್ಕಳ ಈ ಮೂರೂ ಮಾಯಾಲೋಕದ ಕಥೆಗಳು ಸಿಗುತ್ತವೆ. ದೇವರನ್ನು ನಂಬುವ ಮನೆಯವರು ಯಾವುದನ್ನು ಆರಿಸಬೇಕು?

ನಾರ್ನಿಯಾ ಸುಲಭ. 1950ರಲ್ಲಿ ಶುರುವಾದ ಏಳು ಪುಸ್ತಕಗಳು. ಬರೆದ ಸಿ. ಎಸ್. ಲೂಯಿಸ್ ಕ್ರೈಸ್ತ ಭಕ್ತರು. ಮಾಟಗಾತಿ ಇದ್ದಾಳೆ, ಆದರೆ ಹುಡುಗನೊಬ್ಬನ ತಪ್ಪಿಗೆ ಸಿಂಹ ಪ್ರಾಣ ಕೊಟ್ಟು ಮತ್ತೆ ಎದ್ದು ಬರುತ್ತದೆ. ಚರ್ಚಿಗೆ ಹೋಗುವವರಿಗೆ ಇದು ತಮ್ಮದೇ ಕಥೆ ಅನಿಸುತ್ತದೆ.

ಹ್ಯಾರಿ ಪಾಟರ್ (1997) ಬಗ್ಗೆ ಗಲಾಟೆ ಜಾಸ್ತಿ. ಮಾಟ ಕಲಿಸುತ್ತದೆ ಎಂದು ಅಮೆರಿಕದಲ್ಲಿ ಕೆಲವು ಪೋಷಕರು ಶಾಲಾ ಲೈಬ್ರರಿಗಳಿಂದ ತೆಗೆಸಲು ನೋಡಿದರು. ನನಗೆ ಆ ಭಯ ಇಲ್ಲ. ನಮ್ಮ ಮಕ್ಕಳು ಅಜ್ಜಿಯ ಬಾಯಲ್ಲಿ ಘಟೋತ್ಕಚನ ಮಾಯೆ ಕೇಳಿ ಬೆಳೆದವರು ಅಲ್ವಾ? ನನ್ನ ಚಿಂತೆ ಸಾವಿನದು. ನಾಲ್ಕನೇ ಪುಸ್ತಕದ ಕೊನೆಗೆ ಶಾಲೆಯ ಹುಡುಗನೊಬ್ಬನ ಕೊಲೆಯಾಗುತ್ತದೆ. ಅಲ್ಲಿಂದ ಕಥೆ ಕತ್ತಲಾಗುತ್ತಾ ಹೋಗುತ್ತದೆ. ಒಂಬತ್ತು ವರ್ಷಕ್ಕೆ ಮೊದಲ ಮೂರು ಸಾಕು.

ಗೋಲ್ಡನ್ ಕಂಪಾಸ್ ಬೇರೆ ಥರ. ಫಿಲಿಪ್ ಪುಲ್‌ಮನ್ ಧರ್ಮದ ಅಧಿಕಾರವನ್ನೇ ನೇರವಾಗಿ ಪ್ರಶ್ನಿಸುತ್ತಾರೆ. 2007ರ ಸಿನಿಮಾ ಅದನ್ನು ಮೆತ್ತಗೆ ಮಾಡಿತ್ತು, ಆದರೂ ಅಮೆರಿಕದ ಕ್ಯಾಥೊಲಿಕ್ ಲೀಗ್ ಎಂಬ ಕ್ರೈಸ್ತ ಸಂಘಟನೆ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಸಿನಿಮಾ ನೋಡಿ ಪುಸ್ತಕವನ್ನು ಅಳೆಯಬೇಡಿ. ಹದಿಮೂರು ದಾಟಿದ ಮೇಲೆ ಕೊಡಿ. ಸುಮ್ನೆ ಕೈಗಿಟ್ಟು ಬಿಡಬೇಡಿ, ನೀವೂ ಜೊತೆಗೇ ಓದಿ. ಮಗು ಕೇಳುವ ಪ್ರಶ್ನೆಗೆ ಊಟದ ಹೊತ್ತಿನಲ್ಲಿ ಉತ್ತರ ಬೇಕಾಗುತ್ತದೆ.